ರಟ್ಟುಗಾರ ಕೈಕಟ್ಟಿ ಕೂತ ದಿನ

"ಗುರುಗಳೇ, ನಾನು ಇನ್ನೂ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಅಂಗಳ ಗುಡಿಸುವುದರಿಂದ ಅಡುಗೆಯವರೆಗೆ ಎಲ್ಲವನ್ನೂ ಅವನೇ ಮಾಡುತ್ತಿದ್ದ. ಒಂದರಲ್ಲೂ ತಪ್ಪು ಹುಡುಕುವ ಹಾಗಿರಲಿಲ್ಲ.

"ಹೊಸದಾಗಿ ಬಂದವರಿಗೆ ನಾನು ಯಾವ ಕೊರತೆಯನ್ನೂ ಮಾಡಿಲ್ಲ. ಅವರ ಹಾಸಿಗೆಯನ್ನೂ ನಾನೇ ಹಾಸುತ್ತೇನೆ. ಆದರೂ ಇಬ್ಬರು ಬಿಟ್ಟು ಹೋದರು. ಈಗ ಮೂರನೆಯವನೂ ಹೋಗುತ್ತೇನೆ ಅನ್ನುತ್ತಿದ್ದಾನೆ. ನನ್ನ ಅಕ್ಕರೆಯಲ್ಲಿ ಏನು ಕಡಿಮೆಯಾಯಿತು?"

ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಪೇಟೆಯಲ್ಲಿ ಒಬ್ಬ ರಟ್ಟುಗಾರನಿದ್ದ. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕಸುಬು. ಹೆಸರು ಮುರಿಗೆಪ್ಪ. ಅವನ ಕೈ ಅಳತೆ ತಪ್ಪಿದ್ದನ್ನು ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ಹರಿದ ಪುರಾಣ ಕೊಟ್ಟರೆ ಹೊಸದಾಗಿ ಬರುತ್ತಿತ್ತು. ಮೂಲೆ ನೂಲು ಹಿಡಿದ ಹಾಗೆ ನೇರ, ಬೆನ್ನು ಕಲ್ಲಿನ ಹಾಗೆ ಗಟ್ಟಿ. ಸೊಟ್ಟಗಿದ್ದದ್ದನ್ನು ಕಂಡರೆ ಅವನ ಕೈ ತಾನೇ ಮುಂದೆ ಹೋಗುತ್ತಿತ್ತು. ಊಟಕ್ಕೆ ಕೂತರೆ ಎಲೆಯ ಅಂಚನ್ನೂ ಸರಿ ಮಾಡಿಯೇ ತುತ್ತು ಎತ್ತುವವನು.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹಿಂದಿನ ಕೋಣೆಯಲ್ಲಿ ಸಂಸಾರ. ನಡುವೆ ಹಳೆಯ ಸೀರೆಯದೊಂದು ಪರದೆ. ಹೆಂಡತಿ ಗೌರವ್ವ, ಒಬ್ಬಳೇ ಮಗಳು ಕಸ್ತೂರಿ.

ಆ ಕಾಲದಲ್ಲಿ ಅಂಥ ಓಣಿಗಳಲ್ಲಿ ಹುಟ್ಟುಹಬ್ಬ ಮಾಡುವ ರೂಢಿ ಇರಲಿಲ್ಲ. ಗೌರವ್ವನೇ ಅದನ್ನು ಶುರು ಮಾಡಿದಳು. ಯುಗಾದಿ ಕಳೆದ ಮರುವಾರ ಮಗಳು ಹುಟ್ಟಿದ ದಿನ. ಅವತ್ತು ಓಣಿಯ ಮಕ್ಕಳೆಲ್ಲ ಮಧ್ಯಾಹ್ನ ಹಿಂದಿನ ಕೋಣೆಗೆ ಬರುತ್ತಿದ್ದರು. ಗಂಡನ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಗೌರವ್ವ ವರ್ಷವಿಡೀ ಒಂದು ಚೀಲದಲ್ಲಿ ಕೂಡಿಡುತ್ತಿದ್ದಳು. ಬಣ್ಣದ ಕಾಗದದ ಪಟ್ಟಿ, ಕೆಂಪು ಬಟ್ಟೆಯ ಅಂಚು, ಬೆರಳಗಲದ ರಟ್ಟು. ಎಸೆಯಬೇಕಾದ ಸಾಮಾನು ಅದು. ಸಂಜೆಯ ಹೊತ್ತಿಗೆ ಅದೇ ತೊಲೆಯಿಂದ ತೊಲೆಗೆ ಸರಪಳಿಯಾಗಿ ತೂಗುತ್ತಿತ್ತು. ಗೋಡೆಯ ಮೇಲೆ ಗಿಳಿ, ಬಾಗಿಲಿಗೆ ತೋರಣ, ಮಕ್ಕಳ ತಲೆಯ ಮೇಲೆ ಕಿರೀಟ. ತಿನ್ನಲು ಚುರುಮುರಿ, ಕುಡಿಯಲು ಬೆಲ್ಲದ ಪಾನಕ. ಹಬ್ಬವೆಂದರೆ ಅಷ್ಟೇ.

ಮುರಿಗೆಪ್ಪ ಪರದೆಯ ಈಚೆ ಕೂತು ಹಾಳೆ ಹೊಲಿಯುತ್ತಿದ್ದ. ಆಚೆಯ ಗದ್ದಲ ಕೇಳುತ್ತಿತ್ತು. ಕೆಲಸ ಮುಗಿಸಿ ಒಳಗೆ ಹೋಗುವಾಗ ಮಕ್ಕಳು ಹೊರಟಿರುತ್ತಿದ್ದರು. ತಲೆ ಎತ್ತಿ ಸರಪಳಿ ನೋಡುತ್ತಿದ್ದ. ಒಂದು ಕೊಂಡಿ ದೊಡ್ಡದು, ಒಂದು ಸಣ್ಣದು. ಗಿಳಿಗೆ ಕೊಕ್ಕು ಹಣೆಯ ಮೇಲೆ. ಹೆಂಡತಿಯ ಕೈಕೆಲಸ ಇಷ್ಟೇ ಎಂದು ಮನಸ್ಸಿನಲ್ಲೇ ನಗುತ್ತಿದ್ದ. ಒಂದು ವರ್ಷ ತಡೆಯಲಾಗದೆ ಚಾಕು ತಂದು, ಒಂದು ಬಾವುಟದ ಸೊಟ್ಟ ಅಂಚನ್ನು ನೇರ ಮಾಡಹೊರಟ. ಗೌರವ್ವ ಅವನ ಕೈ ಹಿಡಿದಳು.

"ಬಿಡ್ರಿ. ಅದರ ಒಡತಿ ಬ್ಯಾರೆ ಇದ್ದಾಳ."

ಆ ಮಾತು ಅವನಿಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ.

ಕಸ್ತೂರಿಗೆ ಎಂಟು ತುಂಬುವ ಮೊದಲೇ, ಮಹಾನವಮಿಯ ಹೊತ್ತಿಗೆ, ಗೌರವ್ವ ಜ್ವರ ಬಂದು ತೀರಿಕೊಂಡಳು. ಒಂಬತ್ತು ದಿನದ ಜ್ವರ.

ಅಲ್ಲಿಂದ ಮಗು ಮಾತು ಕಡಿಮೆ ಮಾಡಿತು. ಕರೆದರೆ ಬರುತ್ತಿತ್ತು, ಬಡಿಸಿದರೆ ಉಣ್ಣುತ್ತಿತ್ತು, ಕೇಳಿದ್ದಕ್ಕೆ ಹೂಂ ಅನ್ನುತ್ತಿತ್ತು. ಓಣಿಗೆ ಆಡಲು ಹೋಗುತ್ತಿರಲಿಲ್ಲ. ಮುರಿಗೆಪ್ಪ ಅವಳ ಜಡೆ ಹೆಣೆಯುವುದನ್ನು ಕಲಿತ. ಎರಡು ಜಡೆಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಬರುತ್ತಿದ್ದವು. ಮಗು ನಗಲಿಲ್ಲ.

ಗೌರವ್ವನ ಅಕ್ಕ ಬಸಲಿಂಗವ್ವ ಹಳ್ಳಿಯಲ್ಲಿದ್ದಳು. ಮಕ್ಕಳಿಲ್ಲದವಳು, ನೇರ ಮಾತಿನವಳು. ಸಂಕ್ರಾಂತಿಗೆ ಬಂದು ಮಗುವಿನ ಮುಖ ನೋಡಿದಳು. ಹೊರಡುವಾಗ ಮುರಿಗೆಪ್ಪನನ್ನು ಹೊರಗೆ ಕರೆದು ಹೇಳಿದಳು. "ಹೆಣ್ಣು ಕೂಸು ಬಾಡಾಕ ಹತ್ತೇದ. ನಿನ್ನ ತಪ್ಪಲ್ಲ, ಆದರ ಇದು ಗಂಡಸಿನ ಕೆಲಸ ಅಲ್ಲ. ಅದರ ಹುಟ್ಟಿದ ದಿನಕ್ಕ ಬರ್ತೀನಿ. ಆಗೂ ಹಿಂಗ ಇದ್ರ, ಕರಕೊಂಡು ಹೋಗ್ತೀನಿ."

ಅವನು ಇಲ್ಲ ಎನ್ನಲಾರದೆ ಹೋದ. ಅವಳ ಮಾತಿನಲ್ಲಿ ಕೆಡುಕಿರಲಿಲ್ಲ.

ಅವನಿಗೆ ಉಳಿದದ್ದು ಒಂದೇ ದಾರಿ. ಆ ಹಬ್ಬವನ್ನು ಹಿಂದೆ ಎಂದೂ ಆಗದಷ್ಟು ಚೆನ್ನಾಗಿ ಮಾಡುವುದು. ಯುಗಾದಿಗೆ ಹದಿನೈದು ದಿನ ಮೊದಲೇ ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟ. ಒಳ್ಳೆಯ ಕಾಗದವನ್ನೇ ಆರಿಸಿದ. ಅಳತೆಕೋಲು ಹಿಡಿದು ಸರಪಳಿ ಮಾಡಿದ, ಒಂದೊಂದು ಕೊಂಡಿಯೂ ಒಂದೇ ಸಮ. ತಾವರೆ ಮಾಡಿ ದಾರಕ್ಕೆ ಪೋಣಿಸಿದ, ಒಂದೊಂದಕ್ಕೂ ಹದಿನಾರು ದಳ. ಓಣಿಯ ಒಂಬತ್ತು ಮಕ್ಕಳ ತಲೆಗೂ ದಾರ ಸುತ್ತಿ ಅಳತೆ ತಂದು ಒಂಬತ್ತು ಕಿರೀಟ ಕತ್ತರಿಸಿದ. ಹತ್ತನೆಯದು ಕಸ್ತೂರಿಗೆ, ಚಿನ್ನದ ಬಣ್ಣದ ಅಂಚಿನದು. ಕಣ್ಣು ಉರಿಯುವಷ್ಟು ಕೆಲಸ ಮಾಡಿದ. ಮಾಡುತ್ತಾ ಮಾಡುತ್ತಾ ಗೌರವ್ವ ನೆನಪಾಗುತ್ತಿದ್ದಳು. ಇದನ್ನು ಅವಳು ನೋಡಬೇಕಿತ್ತು ಅನ್ನಿಸುತ್ತಿತ್ತು.

ಆ ದಿನ ಬಂತು. ಬಸಲಿಂಗವ್ವ ಇಳಕಲ್ ಸೀರೆಯುಟ್ಟು ಬೆಳಗಿನ ಬಸ್ಸಿಗೇ ಬಂದಳು. ಒಳಗೆ ಕಾಲಿಟ್ಟವಳೇ ಬಾಯ ಮೇಲೆ ಕೈ ಇಟ್ಟುಕೊಂಡಳು. ನೋಡಿದವರೆಲ್ಲ ಹಾಗೆಯೇ ಮಾಡಿದರು.

ಮಧ್ಯಾಹ್ನ ಮಕ್ಕಳು ಬಂದರು. ಮೇಲೆ ನೋಡಿದರು. ಒಂದು ಮಗು ತಾವರೆಯತ್ತ ಕೈ ಚಾಚಿತು.

"ಮುಟ್ಟಬ್ಯಾಡವ್ವ, ಹರೀತದ," ಎಂದ ಮುರಿಗೆಪ್ಪ. ಮೆತ್ತಗೇ ಹೇಳಿದ.

ಮಕ್ಕಳು ಸಾಲಾಗಿ ಕೂತರು. ಕಿರೀಟ ಇಟ್ಟುಕೊಂಡು ಕತ್ತು ಅಲ್ಲಾಡಿಸದೆ ಕೂತರು. ಶಾಲೆಗೆ ಸಾಹೇಬರು ಬಂದ ದಿನ ಕೂರುತ್ತಾರಲ್ಲ, ಹಾಗೆ. ಚುರುಮುರಿ ತಿಂದರು, ಪಾನಕ ಕುಡಿದರು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಕಸ್ತೂರಿ ಕಿರೀಟ ತೆಗೆದು ಜೋಪಾನವಾಗಿ ಗೂಡಿನಲ್ಲಿಟ್ಟು, ಹೋಗಿ ಹೊಸ್ತಿಲ ಬಳಿ ಕೂತಳು.

ಬಸಲಿಂಗವ್ವ ಎದ್ದು ಮಗುವಿನ ಬಟ್ಟೆಗಳನ್ನು ಮಡಚಿ ಗಂಟು ಕಟ್ಟತೊಡಗಿದಳು.

ಮುರಿಗೆಪ್ಪ ಅದನ್ನು ಕಂಡ. ಹೋಗಿ ಮಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಯಾಕವ್ವ, ಚೊಲೋ ಆಗಿಲ್ಲೇನು?"

"ಚೊಲೋ ಅದಾವು."

"ನಿಮ್ಮವ್ವ ಮಾಡಿದ್ದಕ್ಕಿಂತ ಚೊಲೋ ಆಗ್ಯಾವಲ್ಲ?"

ಕಸ್ತೂರಿ ಅವನನ್ನು ನೋಡಿದಳು. ಆರು ತಿಂಗಳಲ್ಲಿ ಮೊದಲ ಸಲ ನೆಟ್ಟಗೆ ನೋಡಿದಳು. "ಅವ್ವ ಎಲ್ಲಿ ಮಾಡತಿದ್ಲಪ್ಪ? ನಾವ ಮಾಡತಿದ್ವಿ."

"ಮತ್ತ ಅವ್ವ ಏನು ಮಾಡತಿದ್ಲು?"

"ಚೀಲ ಸುರವತಿದ್ಲು. ಅಂಟು ಕುದಿಸಿ ಕೊಡತಿದ್ಲು. ಆಮ್ಯಾಲ ಗ್ವಾಡಿಗೆ ಆತು ಕುಂತು ನಮ್ಮನ್ನ ನೋಡತಿದ್ಲು. ಭಾಳ ನಗತಿದ್ಲು."

ರಟ್ಟುಗಾರ ಎದ್ದು ಅಂಗಡಿಗೆ ಹೋದ. ಹದಿನೈದು ದಿನದ ಕತ್ತರಿ ಕೆಲಸದಲ್ಲಿ ಉಳಿದ ಚೂರುಗಳೆಲ್ಲ ಮೂಲೆಯಲ್ಲಿ ಗುಡ್ಡೆಯಾಗಿದ್ದವು. ಅಷ್ಟನ್ನೂ ಗೋಣಿಗೆ ತುಂಬಿ ತಂದು ಮಕ್ಕಳ ನಡುವೆ ಸುರಿದ. ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟಿಗೆ ಇಟ್ಟ. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಹಾಕುವುದು ಅವನ ವಾಡಿಕೆ. ಡಬ್ಬಿಗೆ ಕೈ ಹಾಕಿದವನು ತಡೆದ. ಮೈಲುತುತ್ತ ವಿಷ, ಮಕ್ಕಳು ಬೆರಳು ನೆಕ್ಕುತ್ತವೆ. ಪ್ರತಿ ವರ್ಷ ಈ ದಿನ ಗೌರವ್ವ ಅಂಗಡಿಯ ಅಂಟು ಮುಟ್ಟದೆ ಬೇರೆಯೇ ಕುದಿಸಿಕೊಳ್ಳುತ್ತಿದ್ದದ್ದು ಏಕೆಂದು ಒಲೆಯ ಮುಂದೆ ನಿಂತು ಆಗ ತಿಳಿದ. ಡಬ್ಬಿ ಮುಚ್ಚಿದ.

ಮಕ್ಕಳು ಮೊದಲು ಅನುಮಾನಿಸಿದರು. ಒಂದು ಕೈ ಹಾಕಿತು. ಆಮೇಲೆ ಎಲ್ಲ ಕೈಗಳೂ ಬಿದ್ದವು. ಕಾಗದ ಹರಿದರು, ಮೆತ್ತಿದರು, ಜಗಳವಾಡಿದರು. ದಾರ ಸಾಲದೆ ಬಂತು. ಮುರಿಗೆಪ್ಪ ತಾವರೆಯ ಮಾಲೆ ಇಳಿಸಿ, ಹೂವುಗಳನ್ನು ಕಳಚಿ ದಾರ ಕೊಟ್ಟ.

ಆಮೇಲೆ ಗೋಡೆಗೆ ಒರಗಿ ಕೂತ.

ಹದಿನೈದು ದಿನದ ದುಡಿಮೆಗಿಂತ ಆ ಕೂರುವಿಕೆ ಕಷ್ಟವಾಯಿತು. ಪಕ್ಕದ ಮನೆಯ ಹುಡುಗಿ ಗಾಳಿಚಕ್ರದ ಎಲೆಯನ್ನು ತಿರುಗುಮುರುಗಾಗಿ ಮಡಚಿದಳು. ಅವನ ಕೈ ಮುಂದೆ ಹೋಯಿತು. ಎಳೆದುಕೊಂಡ. ಕಸ್ತೂರಿ ಪಟ್ಟಿಯ ತುದಿಗೆ ಅಂಟು ಹಚ್ಚುವ ಬದಲು ನಡುವೆ ಹಚ್ಚಿದಳು. ಮತ್ತೆ ಹೋಯಿತು. ಕೊನೆಗೆ ಎರಡೂ ಅಂಗೈಯನ್ನು ಕಂಕುಳಲ್ಲಿ ಸಿಕ್ಕಿಸಿ ಕೈಕಟ್ಟಿಕೊಂಡ. ಮೂವತ್ತು ವರ್ಷ ಸೊಟ್ಟದ್ದನ್ನು ನೇರ ಮಾಡಿದ ಕೈಗಳು ಕಟ್ಟಿಹಾಕಿದ ಕರುವಿನ ಹಾಗೆ ಎಳೆದಾಡಿದವು.

ಕೈಗೆ ಕೆಲಸವಿಲ್ಲವಾದಾಗ ಕಣ್ಣು ತೆರೆಯಿತು. ಮಗಳು ಕಾಗದ ಕತ್ತರಿಸುವಾಗ ನಾಲಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತುತ್ತಿದ್ದಳು. ಎಡ ಹುಬ್ಬು ಮೇಲೇರುತ್ತಿತ್ತು. ಮುರಿಗೆಪ್ಪ ಚಾಕು ಹಿಡಿದಾಗ ಹಾಗೆಯೇ ಮಾಡುತ್ತಾನೆಂದು ಗೌರವ್ವ ಎಷ್ಟೋ ಸಲ ಅಣಕಿಸಿದ್ದಳು. ಗೋಡೆಗೆ ಒರಗಿ ಅವಳು ಯಾಕೆ ನಗುತ್ತಿದ್ದಳೆಂದು ಅವನಿಗೆ ಈಗ ಗೊತ್ತಾಯಿತು. ಇದೆಲ್ಲ ಪ್ರತಿ ವರ್ಷ ಪರದೆಯ ಆಚೆ, ಎರಡು ಮಾರು ದೂರದಲ್ಲಿ ನಡೆದಿತ್ತು. ಒಮ್ಮೆ ಎದ್ದು ಪರದೆ ಸರಿಸಿದ್ದರೆ ಸಾಕಿತ್ತು. ಏಳು ಹುಟ್ಟುಹಬ್ಬಗಳು ಅವನ ಬೆನ್ನ ಹಿಂದೆ ಆಗಿಹೋಗಿದ್ದವು. ಅವನ ಕಣ್ಣಿಂದ ನೀರು ಇಳಿಯಿತು. ಕೈ ಬಿಡಿಸಿದರೆ ಎಲ್ಲಿ ಏನನ್ನಾದರೂ ಸರಿ ಮಾಡಿಬಿಡುತ್ತೇನೋ ಎಂದು ಒರೆಸಿಕೊಳ್ಳಲೂ ಇಲ್ಲ.

ಬಸಲಿಂಗವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಅಂಟು ಮೆತ್ತಿದ ಕೈಯ ಮಗುವೊಂದು ಬಂದು ಅವಳ ಸೆರಗು ಹಿಡಿದು, "ನೀ ಏನ ಮಾಡ್ತೀಯಬೇ?" ಎಂದಿತು. "ನನಗೇನು ಬರ್ತದ," ಎಂದು ರೇಗಿದಳು. ಆಮೇಲೆ ಅವಳೇ, "ಯಾರ ಮನ್ಯಾಗರ ಕಣಿಕಿ ಐತೇನು?" ಎಂದು ಕೇಳಿದಳು. ಎದುರು ಮನೆಯ ಎಮ್ಮೆಗೆಂದು ಒಟ್ಟಿದ್ದ ಮೇವಿನಿಂದ ಒಂದು ಮಗು ನಾಲ್ಕು ಜೋಳದ ದಂಟು ಎಳೆದು ತಂದಿತು. ಬಸಲಿಂಗವ್ವ ಹಲ್ಲಿನಿಂದ ಸಿಪ್ಪೆ ಸೀಳಿದಳು. ಸಿಪ್ಪೆಯನ್ನು ಬಗ್ಗಿಸಿ ಒಳಗಿನ ಬೆಂಡಿಗೆ ಚುಚ್ಚಿ ಎರಡು ಉಂಗುರ ಮಾಡಿದಳು, ಕಿವಿಗೆ ಎರಡು ಕಡ್ಡಿ ಸಿಕ್ಕಿಸಿದಳು. ಕನ್ನಡಕವಾಯಿತು.

"ನಾನೂ ನಿಮ್ಮವ್ವನೂ ಹೊಲದಾಗ ಕುಂತು ಇದನ್ನ ಮಾಡತಿದ್ವಿ," ಎಂದಳು ಕಸ್ತೂರಿಗೆ. "ನಿಮ್ಮವ್ವಂದು ಒಂದು ಕಣ್ಣು ಯಾವಾಗಲೂ ದೊಡ್ಡದಾಗತಿತ್ತು. ಅದನ್ನ ಹಾಕ್ಕೊಂಡು ಮಾಸ್ತರನಂಗ ನಮ್ಮಪ್ಪಗ ಮಗ್ಗಿ ಕೇಳತಿದ್ಲು. ನಮ್ಮಪ್ಪಗ ಮಗ್ಗಿ ಬರತಿರಲಿಲ್ಲ. ಅಂವ ಸುಮ್ನ ಕಿವಿ ಹಿಡಕೊಂಡು ನಿಲ್ಲತಿದ್ದ."

ಕಸ್ತೂರಿ ಕನ್ನಡಕ ಹಾಕಿಕೊಂಡು ಅಪ್ಪನ ಮುಂದೆ ನಿಂತಳು. "ಹದಿಮೂರರ ಮಗ್ಗಿ ಹೇಳು," ಎಂದಳು. ಮುರಿಗೆಪ್ಪ ಮೂರನೆಯ ಸಾಲಿಗೆ ತಪ್ಪಿದ. ಕಿವಿ ಹಿಡಿದುಕೊಂಡ. ಮಗು ನಕ್ಕಿತು. ನಕ್ಕು ನಕ್ಕು ಬಿಕ್ಕಳಿಕೆ ಬಂದು, ದೊಡ್ಡಮ್ಮನ ಸೀರೆಯಲ್ಲಿ ಮುಖ ಹುದುಗಿಸಿ ಅತ್ತಿತು. ತಾಯಿ ಸತ್ತ ಮೇಲೆ ಅದು ಅತ್ತದ್ದು ಅದೇ ಮೊದಲು. ಬಸಲಿಂಗವ್ವನೂ ಅತ್ತಳು. ಇಳಕಲ್ ಸೀರೆಗೆ ಅಂಟು ಮೆತ್ತಿದ್ದನ್ನು ಯಾರೂ ನೋಡಲಿಲ್ಲ.

ಬಸ್ಸಿನ ಹೊತ್ತಾದಾಗ ಅವಳು ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಗೂಡಿನಲ್ಲಿಟ್ಟಳು. "ಸೂಟಿ ಬಿದ್ದಾಗ ಕಳಿಸು, ಸಾಲಿ ಸುರು ಆದಾಗ ಕರಕೊಂಡು ಬಾ," ಎಂದು ಹೇಳಿ ಹೋದಳು.

ಮುಂದೆ ಎಷ್ಟೋ ವರ್ಷ ಆ ಹಬ್ಬ ನಡೆಯಿತು. ಕಸ್ತೂರಿ ದೊಡ್ಡವಳಾಗಿ ಗಂಡನ ಮನೆಗೆ ಹೋದ ಮೇಲೂ ಓಣಿಯ ಮಕ್ಕಳು ಬರುವುದನ್ನು ಬಿಡಲಿಲ್ಲ. ರಟ್ಟುಗಾರ ಅಂಟು ಕುದಿಸಿ ಗೋಡೆಗೆ ಒರಗಿ ಕೂರುತ್ತಿದ್ದ. ಅದು ಅವನಿಗೆ ಕೊನೆಯವರೆಗೂ ಸುಲಭವಾಗಲಿಲ್ಲ ಎನ್ನುತ್ತಾರೆ. ಅವತ್ತಿನ ಆ ಮಕ್ಕಳಿಗೆ ಈಗ ತಲೆ ನರೆತಿದೆ. ಸಂತೆಯಲ್ಲಿ ಒಬ್ಬರಿಗೊಬ್ಬರು ಸಿಕ್ಕರೆ ಮೊದಲು ನೆನೆಯುವುದು ಆ ಬಿಸಿ ಅಂಟಿನ ರುಚಿಯನ್ನು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೇಳಿದ. "ಹಾಗಾದರೆ ಹೋಗುತ್ತೇನೆ ಅನ್ನುವವನನ್ನು ನಾನು ಹೇಗೆ ಉಳಿಸಿಕೊಳ್ಳಲಿ, ಗುರುಗಳೇ?"

"ನಾಳೆಯ ಸಾರು ಅವನು ಮಾಡಲಿ. ಉಪ್ಪು ಹೆಚ್ಚಾಗಿದ್ದರೂ ನೀನು ಎರಡನೇ ಸಲ ಬಡಿಸಿಕೊ," ಎಂದರು ಗುರುಗಳು.