ಕೋಳಿ ಕಾವಿನ ಬಾತುಗಳು

ಹಿತ್ತಲಿನ ಬಾತುಗಳಿಗೆಲ್ಲ ಸಿಂಗಾರಿ ಎಂಬ ಮುದಿ ಬಾತು ಯಜಮಾನಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸಿಮೆಂಟ್ ತೊಟ್ಟಿ ಇತ್ತು. ಸಿಂಗಾರಿ ಅದನ್ನು ಸಮುದ್ರ ಎನ್ನುತ್ತಿದ್ದಳು.

ಮಂಕರಿ ಕೆಳಗೆ ಬೆಳೆದ ಬಾತುಮರಿಗಳನ್ನು ಅವತ್ತು ಮಧ್ಯಾಹ್ನ ಮೊದಲ ಸಲ ಹೊರಗೆ ಬಿಟ್ಟರು. ಸುಡುಬಿಸಿಲಿಗೆ ಬಾಯಿ ಬಿಡುತ್ತಾ ಅವು ನೇರ ನೀರಿಗೆ ಓಡಿದವು. ಸಿಂಗಾರಿ ರೆಕ್ಕೆ ಅಗಲಿಸಿ ಅಡ್ಡ ನಿಂತಳು.

"ನಿಲ್ಲಿ! ನಿಮಗೆ ಕಾವು ಕೊಟ್ಟವರು ಯಾರು?"

"ಕರಿಕೋಳಿ ಅಮ್ಮ," ಎಂದಿತು ಮುಂದಿದ್ದ ಮರಿ.

"ಥೂ, ಕೋಳಿ ಕಾವಿನವು! ಹೋಗಿ ತಿಪ್ಪೆ ಕೆದರಿ. ಈ ನೀರು ಕುಲಸ್ಥ ಬಾತುಗಳದ್ದು."

"ಗಂಟಲು ಒಣಗಿದೆ, ಅಜ್ಜಿ."

"ಒಣಗಲಿ. ಕೋಳಿಗೆ ಈಜು ಯಾಕೆ?"

ಉಳಿದ ಬಾತುಗಳು ಗುಂಪಾಗಿ ಕ್ವಾಕ್ ಕ್ವಾಕ್ ಎಂದು ನಕ್ಕವು.

ತಿಪ್ಪೆ ಮೇಲಿದ್ದ, ಸಿಂಗಾರಿಗಿಂತಲೂ ಮುದಿಯಾದ ಕರಿಕೋಳಿ ಕತ್ತೆತ್ತಿತು. "ಏನೇ ಸಿಂಗಾರಿ, ಭಾರಿ ಕುಲ ಕೇಳ್ತೀಯ? ಮೊಟ್ಟೆ ಇಟ್ಟು ತಿರುಗಿಯೂ ನೋಡದೆ ಹೋಗೋ ಜಾತಿ ನಿಮ್ಮದು. ಇವು ಬಂದಿದ್ದು ನೀನು ಬಿಟ್ಟುಹೋದ ಮೊಟ್ಟೆಗಳಿಂದ. ಅದಿರಲಿ, ನೀನೂ ನನ್ನ ಹೊಟ್ಟೆ ಕೆಳಗೇ ಕಣ್ಣು ಬಿಟ್ಟವಳು. ಇದೇ ತಿಪ್ಪೆ ಮೇಲೆ ಅಮ್ಮ ಅಮ್ಮ ಅಂತ ಹುಳಕ್ಕಾಗಿ ನನ್ನ ಹಿಂದೆ ಅಲೀತಿದ್ದೆ, ಮರೆತೆಯಾ?"

ಬಾತುಗಳ ನಗು ನಿಂತಿತು. ಅವೂ ಅದೇ ಕೋಳಿಯ ಕೆಳಗೆ ಮೊಟ್ಟೆ ಒಡೆದು ಬಂದವೇ.

ಸಿಂಗಾರಿಗೆ ಮುಖ ಎಲ್ಲಿಡುವುದೆಂದು ತೋಚಲಿಲ್ಲ. ತೊಟ್ಟಿಗೆ ಹಾರಿದವಳೇ ತಲೆಯನ್ನು ನೀರೊಳಗೆ ಮುಳುಗಿಸಿಬಿಟ್ಟಳು. ಮುಖವೇನೋ ಮುಚ್ಚಿತು. ಅಂಡು ಮಾತ್ರ ಇಡೀ ಹಿತ್ತಲಿಗೆ ಕಾಣುವಂತೆ ಮೇಲೆದ್ದು ನಿಂತಿತು. ಮರಿಗಳು ಅದರ ಸುತ್ತಲೇ ಹಾಯಾಗಿ ಈಜಿದವು.