ಮಹಾರಾಣಿಯ ದನಿ ಅಡಗಿದ ಲ್ಯಾಪ್‌ಟಾಪು

"ಹಂಸಗಿರಿಯ ಮಹಾಜನರೆಲ್ಲ ಕೇಳಿ. ತೀರಿಹೋದ ಮಹಾರಾಣಿಯವರ ದನಿಯನ್ನು ಕಾಪಿಟ್ಟುಕೊಂಡಿದ್ದ ಅರಮನೆಯ ಲಿನಕ್ಸ್ ಲ್ಯಾಪ್‌ಟಾಪು ಮೂಕವಾಗಿದೆ. ರಾಜಕುಮಾರಿ ಕುಮುದಿನಿ ಒಡ್ಡುವ ಒಗಟುಗಳನ್ನು ಬಿಡಿಸಿ ಅದನ್ನು ಮಾತಾಡಿಸಿದವರಿಗೆ ಅರ್ಧ ರಾಜ್ಯ. ಆಕೆ ಒಪ್ಪಿದರೆ ಮದುವೆ. ತಪ್ಪು ಹೇಳಿದವರಿಗೆ ಶಿರಚ್ಛೇದ."

ಡಂಗುರದವನು ಬೀದಿಬೀದಿಯಲ್ಲಿ ಹೀಗೆ ಸಾರಿದ. ನೇರವಾಗಿ ಕೇಳದೆ ಒಗಟು ಯಾಕೆಂದು ಮಂತ್ರಿ ವಿಚಾರಿಸಿದ್ದಕ್ಕೆ ಕುಮುದಿನಿ, "ನೇರ ಕೇಳಿದರೆ ಬಂದವರೆಲ್ಲ ಮೊದಲು ಕೀಬೋರ್ಡಿಗೆ ಕೈ ಹಾಕುತ್ತಾರೆ. ಒಗಟಾದರೆ ಒಂದು ಗಳಿಗೆಯಾದರೂ ಯೋಚಿಸಿಯಾರು" ಎಂದಿದ್ದಳು.

ಶಿರಚ್ಛೇದ ಮಾತ್ರ ಅವಳ ಯೋಚನೆಯಲ್ಲ, ಅಪ್ಪನದು. ಹೆಂಡತಿಯ ದನಿ ಕೇಳದೆ ರಾಜ ಧೀರಸೇನ ಸಿಡುಕನಾಗಿದ್ದ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಹಿರಿದ ಕತ್ತಿಯನ್ನು ಕೆಳಗಿಡುತ್ತಿರಲಿಲ್ಲ.

ಮೊದಲು ಬಂದವನು ಕನಕಾವತಿಯ ರಾಜಕುಮಾರ. ಒಗಟು ಮುಗಿಯುವ ಮೊದಲೇ "ಆರಿಸಿ ಮತ್ತೆ ಹಚ್ಚಿ" ಎಂದ. ಆರಿಸಿ ಹಚ್ಚಿದರು, ಏನೂ ಆಗಲಿಲ್ಲ. ಶಿರಚ್ಛೇದದ ದಿನ ಬರುವವರೆಗೆ ಅವನನ್ನು ಸೆರೆಮನೆಗೆ ಹಾಕಿದರು. ಇನ್ನೊಬ್ಬ, "ಇದರಲ್ಲಿರುವುದನ್ನೆಲ್ಲ ಅಳಿಸಿ ಬೇರೆ ವ್ಯವಸ್ಥೆ ಹಾಕಿಬಿಡೋಣ" ಎಂದ. ಮಹಾರಾಣಿಯ ದನಿಯನ್ನೂ ಅಳಿಸಲು ಹೊರಟವನನ್ನು ಕುಮುದಿನಿಯೇ ಕಾವಲುಗಾರರಿಗೆ ಒಪ್ಪಿಸಿದಳು. ಆಮೇಲೆ ಬಂದವನು ಕಂಬಳಿ ನೇಯುವವರ ಮನೆಯ ಬೀರಣ್ಣ. ಅವನು ಶುಂಠಿ ಕಷಾಯದ ಚೆಂಬು ಹಿಡಿದೇ ಬಂದಿದ್ದ. "ಗಂಟಲು ಕಟ್ಟಿರಬೇಕು" ಎಂದು ಕೀಬೋರ್ಡಿನ ಮೇಲೆ ಚೆಂಬು ಬಗ್ಗಿಸುವಷ್ಟರಲ್ಲಿ ನಾಲ್ಕು ಜನ ಹಾರಿ ಅವನನ್ನು ಹಿಡಿದುಕೊಂಡರು.

ಬೀರಣ್ಣನ ತಮ್ಮ ಮೈಲಾರಿಗೆ ಸುದ್ದಿ ಮುಟ್ಟಿತು. ಎರಡು ಕಂಬಳಿ ಕೊಟ್ಟು ಸಂತೆಯಲ್ಲಿ ತಂದಿದ್ದ ಹಳೆಯ ಲ್ಯಾಪ್‌ಟಾಪು ಅವನ ಬಳಿಯೂ ಇತ್ತು. ಅದೂ ಒಮ್ಮೆ ಮೂಕವಾಗಿ ಅವನನ್ನು ಗೋಳುಹೊಯ್ದುಕೊಂಡಿತ್ತು. ಅವನು ಸೆರೆಮನೆಯ ಕಿಟಕಿಯ ಬಳಿ ಹೋಗಿ ನಿಂತ.

"ಅಣ್ಣಾ, ಕಷಾಯ ಯಾಕೆ ಒಯ್ದೆ?"

"ಅವ್ವ ನನಗೆ ಅದನ್ನೇ ಕೊಡ್ತಿದ್ದಳಲ್ಲೋ. ನೀನು ಮಾತ್ರ ಒಳಗೆ ಹೋಗಬೇಡ. ಮನೆಗೊಂದು ತಲೆಯಾದ್ರೂ ಉಳೀಲಿ."

ಮೈಲಾರಿ ಕಣ್ಣೊರೆಸಿಕೊಂಡು ನೇರ ಆಸ್ಥಾನಕ್ಕೆ ಹೋದ.

ಕುಮುದಿನಿ ಕೇಳಿದಳು: "ಮನೆಗೆ ಹೊಸ ಯಜಮಾನ ಬಂದ. ಹಳೆಯ ಯಜಮಾನ ಸಾಕಿದ್ದ ಹಾಡುಗಾರ ಒಳಗೇ ಇದ್ದಾನೆ. ಆದರೆ ಹೊಸಬನನ್ನು ಕೇಳಿದರೆ, ನಮ್ಮ ಮನೆಯಲ್ಲಿ ಹಾಡುಗಾರನೇ ಇಲ್ಲ ಅನ್ನುತ್ತಾನೆ. ಏನಿದು?"

ಮೈಲಾರಿ ಕೈಮುಗಿದ. "ಅಮ್ಮಣ್ಣಿ, ದನಿ ನಿಲ್ಲುವ ಮುಂಚೆ ಏನು ನಡೆದಿತ್ತು?"

ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. "ಅಪ್‌ಡೇಟ್ ಮಾಡಿದ್ದೆ" ಎಂದಳು.

"ಹಾಗಾದರೆ ಹೊಸ ಯಜಮಾನ ಅಂದರೆ ಹೊಸ ಕರ್ನಲ್, ಯಂತ್ರವನ್ನು ಆಳುವವನು. ಹಾಡುಗಾರ ಸೌಂಡ್ ಕಾರ್ಡು. ಇಬ್ಬರ ನಡುವಿನ ದುಭಾಷಿ ಡ್ರೈವರ್. ಹೊಸಬನ ಭಾಷೆ ದುಭಾಷಿಗೆ ತಿಳಿಯುತ್ತಿಲ್ಲ. ಸರಿಯಾದ ದುಭಾಷಿ ಸಿಗುವ ತನಕ ಹಳೆಯ ಯಜಮಾನನನ್ನೇ ಕೂರಿಸೋಣ."

ಯಂತ್ರವನ್ನು ಮತ್ತೆ ಹಚ್ಚುವಾಗ ಬರುವ ಪಟ್ಟಿಯಲ್ಲಿ ಅವನು ಹಳೆಯ ಕರ್ನಲ್ಲನ್ನು ಆಯ್ದುಕೊಂಡ. ಪರದೆಯ ಮೇಲೆ ಸೌಂಡ್ ಕಾರ್ಡಿನ ಹೆಸರು ಕಾಣಿಸಿತು. ಆಸ್ಥಾನಿಕರು ಚಪ್ಪಾಳೆಗೆ ಕೈಯೆತ್ತಿದರು. ಕುಮುದಿನಿ ಮಹಾರಾಣಿಯ ಮುದ್ರಿತ ಮಾತನ್ನು ಹಚ್ಚಿದಳು. ದನಿ ಮಾತ್ರ ಬರಲಿಲ್ಲ.

"ಇನ್ನೂ ಇದೆಯೇ?" ಎಂದು ರಾಜ ಕತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

ಕುಮುದಿನಿ ಪರದೆಯನ್ನು ದಿಟ್ಟಿಸಿ ಎರಡನೆಯ ಒಗಟು ಕಟ್ಟಿದಳು. "ಹಾಡುಗಾರ ಸಿಕ್ಕ. ಹಾಡುತ್ತಲೂ ಇದ್ದಾನೆ, ದನಿಯ ಪಟ್ಟಿ ಕುಣಿಯುತ್ತಿದೆ. ಎದುರಿಗೆ ಕೂತ ನಮಗೆ ಕೇಳದು. ಯಾರಿಗಾಗಿ ಹಾಡುತ್ತಿದ್ದಾನೆ?"

"ಖಾಲಿ ಮನೆಗೆ, ಅಮ್ಮಣ್ಣಿ. ನನ್ನದೂ ಹಾಗೇ ಮಾಡುತ್ತಿತ್ತು. ದನಿಯನ್ನು ಟಿವಿಯ ತಂತಿಗೆ ಕಳಿಸುತ್ತಿದೆ. ಅಲ್ಲಿ ತಂತಿಯೂ ಇಲ್ಲ, ಟಿವಿಯೂ ಇಲ್ಲ." ಅವನು ದನಿ ಹೋಗುವ ದಾರಿಯನ್ನು ಎಚ್‌ಡಿಎಂಐನಿಂದ ಸ್ಪೀಕರಿಗೆ ತಿರುಗಿಸಿದ.

ಎಲ್ಲರೂ ಕಿವಿ ಚಾಚಿದರು. ಮೌನ. ಬಾಗಿಲ ಬಳಿ ಕಾದಿದ್ದ, ತಲೆ ಕಡಿಯುವ ಕಟುಕ ಮೆಲ್ಲಗೆ ಒಂದು ಹೆಜ್ಜೆ ಹತ್ತಿರ ಬಂದ.

"ಮೂರನೆಯದು," ಎಂದಳು ಕುಮುದಿನಿ. "ನಮ್ಮೆದುರಿಗೇ ಹಾಡುತ್ತಿದ್ದಾನೆ. ದನಿಯನ್ನು ತುದಿಯವರೆಗೂ ಏರಿಸಿದ್ದೇನೆ. ಆದರೂ ಬಾಯಿ ಮುಚ್ಚಿದವರು ಯಾರು?"

ಮೈಲಾರಿ ಪರದೆಯನ್ನೆಲ್ಲ ಹುಡುಕಿದ. ಅವನ ಲ್ಯಾಪ್‌ಟಾಪು ಇಷ್ಟರಮಟ್ಟಿಗೆ ಅವನನ್ನು ಕಾಡಿರಲಿಲ್ಲ. "ಗೊತ್ತಿಲ್ಲ, ಅಮ್ಮಣ್ಣಿ" ಎಂದ. ಕಟುಕ ಕೊಡಲಿ ಎತ್ತಿಕೊಂಡ. ಮೈಲಾರಿ ಆತುರದಿಂದ ಮಾತು ಸೇರಿಸಿದ: "ಆದರೆ ಹೊರಗಿನ ದನಿಗುಂಡಿಯ ಹಿಂದೆ ಒಳಗುಂಡಿಗಳೂ ಇರುತ್ತವಂತೆ. ತೆರೆದಾದರೂ ನೋಡಬಹುದೇ?"

ಆ ಒಳಗುಂಡಿಗಳನ್ನು ತೋರಿಸುವ ಆಲ್ಸಾಮಿಕ್ಸರ್ ತೆರೆದ. ಉದ್ದುದ್ದ ಕಂಬಗಳು ಸಾಲಾಗಿ ನಿಂತವು. ಇಬ್ಬರೂ ತಲೆಗೆ ತಲೆ ತಾಗಿಸಿ ಒಂದೊಂದನ್ನೇ ನೋಡಿದರು.

"ಬೇರೆ ಕಂಬಗಳ ಕೆಳಗೆ ಸೊನ್ನೆಗಳಿವೆ," ಎಂದಳು ಕುಮುದಿನಿ, "ಸ್ಪೀಕರಿನ ಕಂಬದ ಕೆಳಗೆ ಮಾತ್ರ ಎರಡು ಎಮ್ ಯಾಕಿವೆ?"

"ಮ್ಯೂಟ್!" ಎಂದ ಮೈಲಾರಿ. "ಹೆಡ್‌ಫೋನ್ ಹಾಕಿದಾಗ ಯಂತ್ರ ಸ್ಪೀಕರಿನ ಬಾಯಿ ಕಟ್ಟಿದೆ. ತೆಗೆದ ಮೇಲೆ ಬಿಚ್ಚಲು ಮರೆತಿದೆ."

"ತಡೆ," ಎಂದ ರಾಜ. "ಮೂರನೆಯ ಉತ್ತರ ಯಾರದು?"

ಮೈಲಾರಿ ಸುಳ್ಳು ಹೇಳಲಿಲ್ಲ. "ಅಮ್ಮಣ್ಣಿಯವರದು, ಮಹಾಸ್ವಾಮಿ."

"ಹಾಗಾದರೆ ನಿನ್ನ ತಲೆ..." ಎಂದು ರಾಜ ಕತ್ತಿಯೆತ್ತಿದ. ಕುಮುದಿನಿ ಎಮ್ ಗುಂಡಿಯನ್ನು ಒತ್ತಿದಳು.

"ಏನ್ರೀ, ಎಷ್ಟು ಸಲ ಕರೀಬೇಕು?" ಎಂದಿತು ಮಹಾರಾಣಿಯ ದನಿ. "ಅನ್ನ ಆರಿ ಹೋಗ್ತಿದೆ. ಆ ಕತ್ತಿ ಆಚೆ ಇಟ್ಟು ಕೈ ತೊಳ್ಕೊಂಡು ಬನ್ನಿ."

ರಾಜ ಕತ್ತಿಯನ್ನು ಆಚೆಗಿಟ್ಟ. ಆಸ್ಥಾನದ ನಡುವೆ ನಿಂತು ಮಗುವಿನ ಹಾಗೆ ಅತ್ತ. ಆಮೇಲೆ ನಿಜವಾಗಿಯೂ ಕೈ ತೊಳೆದುಕೊಂಡು ಊಟಕ್ಕೆ ಕೂತ, ಮೈಲಾರಿಗೂ ಪಕ್ಕದಲ್ಲೇ ಎಲೆ ಹಾಕಿಸಿದ.

"ಏನು ಬೇಕೋ ಕೇಳು."

"ಒಳಗಿರುವವರನ್ನೆಲ್ಲ ಬಿಟ್ಟುಬಿಡಿ, ಮಹಾಸ್ವಾಮಿ. ಅದರಲ್ಲೊಬ್ಬ ನನ್ನ ಅಣ್ಣ."

"ಬಿಟ್ಟೆ. ಅರ್ಧ ರಾಜ್ಯ?"

ಮೈಲಾರಿ ಕುಮುದಿನಿಯ ಕಡೆ ನೋಡಿದ. "ಉತ್ತರವೂ ಅರ್ಧ ಅವರದೇ. ಅವರು ಏನನ್ನುತ್ತಾರೋ."

"ಒಟ್ಟಿಗೇ ಆಳಬಹುದು," ಎಂದಳು ಕುಮುದಿನಿ, ಎಲೆಯಿಂದ ಕಣ್ಣೆತ್ತದೆ. "ಮೊದಲು ಆ ದುಭಾಷಿಯನ್ನು ಹುಡುಕೋಣ."

ಸರಿಯಾದ ಡ್ರೈವರ್ ಸಿಕ್ಕಿತು, ಮದುವೆಯೂ ಆಯಿತು. ಇಬ್ಬರೂ ಹಂಸಗಿರಿಯನ್ನು ನೆಮ್ಮದಿಯಾಗಿ ಆಳಿದರು. ಬೀರಣ್ಣ ಮಾತ್ರ, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಕಷಾಯವೇ ಸಾಕಾಗುತ್ತಿತ್ತೆಂದು ಊರೆಲ್ಲ ಹೇಳಿಕೊಂಡು ತಿರುಗಿದ.