ಎಡಮೂಲೆಯ ಬಟನ್

ಮನೆಯಲ್ಲೇ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಭಾಗೀರಥಮ್ಮನವರ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬಂತು. “ಎಡಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ನನ್ನು ನಡುವಿಗೆ ತಂದಿದ್ದೇನೆ, ಚೆಂದ ಅಲ್ಲವೆ?” ಎಂದು ಅದು ಹಳೆಯ ಮೌಸನ್ನು ಕೇಳಿತು.

“ಚೆಂದವೇ. ಆದರೆ ಅಮ್ಮನವರ ಕೈಯನ್ನು ಒಂದು ಮಾತು ಕೇಳಬೇಕಿತ್ತು,” ಎಂದಿತು ಮೌಸು.

ಭಾಗೀರಥಮ್ಮ ಬಂದು ಕೂತರು. ಹನ್ನೆರಡು ವರ್ಷದ ರೂಢಿಯಂತೆ ಕೈ ಎಡಮೂಲೆಗೇ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ಹುಡುಕಿದರು. “ನನ್ನ ಕಣ್ಣೇ ಮಂಜಾಯಿತು. ಇನ್ನು ಈ ಕೆಲಸ ಸಾಕು,” ಎಂದು ಕೈ ಹಿಂದೆಗೆದುಕೊಂಡರು.

“ತಪ್ಪು ನನ್ನದು. ನನ್ನನ್ನೇಕೆ ಬೈಯಲಿಲ್ಲ?” ಎಂದಿತು ಸಿಸ್ಟಮ್.

“ಮನೆಗೆ ಬಂದ ಹೊಸಬರನ್ನು ಇವರು ಮೊದಲ ದಿನವೇ ಬೈಯುವವರಲ್ಲ,” ಎಂದಿತು ಮೌಸು.

ಸಿಸ್ಟಮ್ ಮೆಲ್ಲನೆ ಬಟನ್ನನ್ನು ಎಡಮೂಲೆಗೆ ಸರಿಸಿತು.

“ಅಯ್ಯೋ, ಇಲ್ಲೇ ಇದೆಯಲ್ಲ! ನನಗೇ ಕಾಣಲಿಲ್ಲ, ಬೇಜಾರು ಮಾಡ್ಕೋಬೇಡಪ್ಪ,” ಎನ್ನುತ್ತ ಭಾಗೀರಥಮ್ಮ ಪರದೆಯನ್ನೂ ಅದೇ ಸೆರಗಿನಿಂದ ಒರೆಸಿದರು.